ವಾಂತಿ ಬರುವ ದಾರಿ, ಮಾತ್ರೆ ಹೋಗುವ ದಾರಿ

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಇಲಿಪಾಷಾಣ ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ: ನುಂಗಿದ್ದನ್ನು ಹೊರಗೆ ಹಾಕುವ ಏರ್ಪಾಡೇ ಆ ಪ್ರಾಣಿಗೆ ಇಲ್ಲ. ಯಾವ ಔಷಧವನ್ನಾದರೂ ಮೊದಲು ಇಲಿಗಳಿಗೆ ಕೊಟ್ಟು ನೋಡುವ ವಿಜ್ಞಾನಿಗಳಿಗೆ ಇದರಿಂದ ಪೇಚಾಯಿತು. ವಾಂತಿ ತಡೆಯುವ ಔಷಧ ಹುಡುಕಲು ಅವರು ಫೆರೆಟ್ ಎಂಬ ಉದ್ದ ಮೈಯ ಪ್ರಾಣಿಯನ್ನು ಸಾಕಬೇಕಾಯಿತು. ಜಪಾನಿನವರು ನಮ್ಮ ಮನೆಗಳ ಗೋಡೆಯಂಚಿನಲ್ಲಿ ಕಿಚಗುಟ್ಟುತ್ತ ಓಡುವ ಸೊಂಡಿಲಿಯನ್ನು ಹಿಡಿದರು. ಹೆಸರಿನಲ್ಲಿ ಇಲಿ ಇದ್ದರೂ ಸೊಂಡಿಲಿ ಇಲಿಯ ಜಾತಿಯದಲ್ಲ, ಅದಕ್ಕೆ ವಾಂತಿ ಬರುತ್ತದೆ. ಇಲಿಗೂ ಹೊಟ್ಟೆಯಿದೆ, ಅದೂ ತುಂಬುತ್ತದೆ, ಕೆಡುತ್ತದೆ. ಅಂದಮೇಲೆ ವಾಂತಿಯೆನ್ನುವುದು ತುಂಬಿದ ಹೊಟ್ಟೆ ಉಕ್ಕಿ ಹರಿಯುವುದಲ್ಲ. ವಾಂತಿಯ ಹೊತ್ತಿನಲ್ಲಿ ಜಠರ ಹೆಚ್ಚುಕಡಿಮೆ ಸಡಿಲವಾಗಿ ಬಿದ್ದಿರುತ್ತದೆ. ಅದನ್ನು ಹಿಂಡುವುದು ವಪೆ ಮತ್ತು ಹೊಟ್ಟೆಯ ಸ್ನಾಯುಗಳು, ಆ ಸ್ನಾಯುಗಳಿಗೆ ಅಪ್ಪಣೆ ಕೊಡುವುದು ಮಿದುಳಿನ ಕಾಂಡ. ಅನ್ನ ಶ್ವಾಸನಾಳಕ್ಕೆ ಇಳಿಯದಂತೆ ಗಂಟಲ ದಾರಿ ಮುಚ್ಚುವುದು, ಬಾಯಲ್ಲಿ ನೀರೂರುವುದು, ಮೈ ಬೆವರುವುದು ಎಲ್ಲವೂ ಅದೇ ಅಪ್ಪಣೆಯ ಭಾಗ.

ಔಷಧದಂಗಡಿಯ ಕಟ್ಟೆಯ ಮುಂದೆ ನಿಂತು 'ವಾಂತಿ ಮಾತ್ರೆ ಕೊಡಿ' ಎನ್ನುವಾಗ ನಾವು ಮರೆಯುವುದು ಇದನ್ನೇ. ಮಾತ್ರೆ ಹೊಟ್ಟೆಯೊಳಗೆ ಹೋಗಿ ಹೊಟ್ಟೆಯನ್ನು ತಣ್ಣಗೆ ಮಾಡುತ್ತದೆ ಎಂಬುದು ನಮ್ಮ ನಂಬಿಕೆ. ವಾಸ್ತವದಲ್ಲಿ ಈ ಔಷಧಗಳಲ್ಲಿ ಹೆಚ್ಚಿನವು ಮಾಡುವುದು ಒಂದೇ ಕೆಲಸ: ಮಿದುಳಿಗೆ ಹೋಗುವ ಒಂದು ಬಗೆಯ ಸುದ್ದಿಯನ್ನು ಒಂದು ಜಾಗದಲ್ಲಿ ತಡೆಯುವುದು. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು ವಾಂತಿಗೆ ರಾಮಬಾಣವಾದ ಮಾತ್ರೆ ಇನ್ನೊಂದು ವಾಂತಿಗೆ ಏನೂ ಮಾಡದೆ ಹೋಗಬಹುದು. ಇನ್ನು, ಅಡ್ಡಪರಿಣಾಮ ಎಂದು ನಾವು ಬೇರೆಯಾಗಿ ಕರೆಯುವುದು ಬಹುಮಟ್ಟಿಗೆ ಅದೇ ತಡೆ ಮೈಯ ಇನ್ನೊಂದು ಜಾಗದಲ್ಲಿ ನಡೆದದ್ದು. ಗುಣವೂ ದೋಷವೂ ಒಂದೇ ಕೆಲಸದಿಂದ ಹುಟ್ಟುವುದರಿಂದ, ಯಾವ ಮಾತ್ರೆ ಎಂಬ ಪ್ರಶ್ನೆಗಿಂತ ಮುಂಚೆ ವಾಂತಿ ಯಾವ ದಾರಿಯಿಂದ ಬಂತು ಎಂದು ಕೇಳಬೇಕಾಗುತ್ತದೆ.

ಮಿದುಳಿನ ಕಾಂಡದಲ್ಲಿರುವ ವಾಂತಿಯ ಕೇಂದ್ರ ನಾಲ್ಕು ಊರಿನ ದಾರಿಗಳು ಬಂದು ಸೇರುವ ಕೂಡುರಸ್ತೆ ಇದ್ದಂತೆ. ಮೊದಲನೆಯ ದಾರಿ ಒಳಕಿವಿಯಿಂದ ಬರುತ್ತದೆ. ತಲೆ ಯಾವ ಕಡೆ ವಾಲಿತು, ಎಷ್ಟು ತಿರುಗಿತು ಎಂದು ಅಳೆಯುವ ಅಂಗ ಅಲ್ಲಿದೆ. ಅದು ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳೆಸತೊಡಗುತ್ತದೆ. ಇದಕ್ಕೆ ಸಿಕ್ಕಿರುವ ಸಾಕ್ಷ್ಯ ಸೊಗಸಾದದ್ದು. ಅಮೆರಿಕದ ನೌಕಾಪಡೆ ಮತ್ತು ನಾಸಾ 1950ರ ದಶಕದ ಕೊನೆಯಿಂದ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನ 11 ಮಂದಿ ಕಿವುಡರನ್ನು ಸೇರಿಸಿಕೊಂಡು ಪ್ರಯೋಗ ನಡೆಸಿದವು. ಅವರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಮಿದುಳುಪೊರೆಯ ಉರಿಯೂತ ಬಂದು ಕಿವಿಯ ಜೊತೆಗೆ ಸಮತೋಲದ ಅಂಗವೂ ಹಾಳಾಗಿತ್ತು. ನೋವಾ ಸ್ಕೋಷಿಯಾದ ಬಳಿ ಅಬ್ಬರಿಸುತ್ತಿದ್ದ ಕಡಲಿನಲ್ಲಿ ಇವರನ್ನು ದೋಣಿಯಲ್ಲಿ ಕರೆದೊಯ್ದಾಗ ಇವರು ಇಸ್ಪೀಟು ಆಡುತ್ತ ಕೂತಿದ್ದರು. ಪ್ರಯೋಗ ಮಾಡಲು ಬಂದ ವಿಜ್ಞಾನಿಗಳೇ ವಾಂತಿಯಿಂದ ಹಣ್ಣಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಎರಡನೆಯ ದಾರಿ ಕರುಳಿನದು. ಮೈಯಲ್ಲಿರುವ ಸೆರೊಟೋನಿನ್‌ನ ಸುಮಾರು ಶೇ. 90 ಭಾಗ ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ವಿಷವೋ ಸೋಂಕೋ ಕರುಳಿನ ಗೋಡೆಯನ್ನು ಕೆಣಕಿದಾಗ ಅಲ್ಲಿನ ಕೋಶಗಳು ಸೆರೊಟೋನಿನ್ ಸುರಿಸುತ್ತವೆ, ವೇಗಸ್ ಎಂಬ ನರ ಆ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತದೆ. ಮೂರನೆಯದು ರಕ್ತದ ದಾರಿ. ಮಿದುಳಿನ ಬಹುಭಾಗಕ್ಕೆ ರಕ್ತದಲ್ಲಿನ ಕಂಡಕಂಡ ವಸ್ತುಗಳು ನುಗ್ಗದಂತೆ ಕಾವಲಿದೆ. ಆದರೆ ಕಾಂಡದಲ್ಲಿ ಒಂದು ಸಣ್ಣ ಜಾಗವನ್ನು ಪ್ರಕೃತಿ ಬೇಕೆಂದೇ ಕಾವಲಿನ ಹೊರಗೆ ಬಿಟ್ಟಿದೆ. ರಕ್ತದಲ್ಲಿ ವಿಷವಿದೆಯೇ ಎಂದು ರುಚಿ ನೋಡುವುದು ಅದರ ಕೆಲಸ, ಡೋಪಮಿನ್ ಅಲ್ಲಿನ ಮುಖ್ಯ ಸಂದೇಶವಾಹಕ. ನಾಲ್ಕನೆಯ ದಾರಿ ಮನಸ್ಸಿನದು: ದುರ್ವಾಸನೆ, ಭಯ, ನೆನಪು. ಕೀಮೋ ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ಮುಂದಿನ ಸಲ ಆಸ್ಪತ್ರೆಯ ಗೇಟು ಕಂಡೊಡನೆ ಓಕರಿಕೆ ಬರುವುದು ಈ ದಾರಿಯಲ್ಲಿ.

ಒಳಕಿವಿಯ ದಾರಿಯನ್ನು ಮುಚ್ಚುವ ಔಷಧ ಸಿಕ್ಕಿದ್ದು ಆಕಸ್ಮಿಕವಾಗಿ. 1947ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೈಮೇಲೆ ಪಿತ್ತದ ಗಂಧೆ ಎದ್ದಿದ್ದ ಗರ್ಭಿಣಿಯೊಬ್ಬಳಿಗೆ ಅಲರ್ಜಿಯ ಹೊಸ ಔಷಧ ಕೊಟ್ಟರು. ಟ್ರಾಮಿನಲ್ಲಿ ಕೂತರೆ ಸದಾ ವಾಕರಿಕೆಯಾಗುತ್ತಿದ್ದ ಆಕೆಗೆ ಮಾತ್ರೆ ತಿಂದ ದಿನ ಅದು ಆಗಲಿಲ್ಲ. ಲೆಸ್ಲಿ ಗೇ ಮತ್ತು ಪಾಲ್ ಕಾರ್ಲಿನರ್ ಎಂಬ ವೈದ್ಯರು ಇದನ್ನು ಅಲ್ಲಿಗೇ ಬಿಡದೆ, ಮರುವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಜರ್ಮನಿಗೆ 1,300ಕ್ಕೂ ಹೆಚ್ಚು ಸೈನಿಕರನ್ನು ಹೊತ್ತು ಹೊರಟ ಜನರಲ್ ಬಲ್ಲೂ ಎಂಬ ಹಡಗಿನಲ್ಲಿ ಪರೀಕ್ಷೆಗೊಡ್ಡಿದರು. ಡ್ರಾಮಮೈನ್ ಎಂಬ ಆ ಔಷಧ ಹೆಸರುವಾಸಿಯಾದದ್ದು ಹೀಗೆ. ನಮ್ಮಲ್ಲಿ ಚಾರ್ಮಾಡಿ, ಆಗುಂಬೆ ಘಾಟಿ ಹತ್ತುವ ಮುಂಚೆ ಜನ ನುಂಗುವ ಅವೋಮಿನ್ ಮಾತ್ರೆಯಲ್ಲಿರುವ ಪ್ರೋಮೆಥಜಿನ್ ಅದೇ ಕುಟುಂಬದ್ದು. ಇವೆಲ್ಲ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ಸಂದೇಶಗಳನ್ನು ಮಿದುಳಿನಲ್ಲಿ ತಡೆಯುತ್ತವೆ. ನಮ್ಮನ್ನು ಎಚ್ಚರವಾಗಿಡುವುದೂ ಅದೇ ಹಿಸ್ಟಮಿನ್ ಆದ್ದರಿಂದ ನಿದ್ದೆ ಬರುತ್ತದೆ. ಎಂಜಲು ಸುರಿಸುವುದೂ ಮೂತ್ರಕೋಶ ಹಿಂಡುವುದೂ ಅದೇ ಅಸಿಟೈಲ್‌ಕೋಲಿನ್ ಆದ್ದರಿಂದ ಬಾಯಿ ಒಣಗುತ್ತದೆ, ಪ್ರಾಸ್ಟೇಟ್ ದಪ್ಪಗಾದ ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಬಹುದು. ನಿದ್ದೆ ಬರಿಸದ ಔಷಧ ಮಾಡಬಾರದೇ ಎಂದರೆ, ಆ ಪ್ರಯತ್ನವೂ ಆಗಿದೆ. ಮಿದುಳಿನೊಳಗೆ ಅಷ್ಟಾಗಿ ಹೋಗದ ಸೆಟಿರಿಜಿನ್, ಫೆಕ್ಸೊಫೆನಡಿನ್ ಮುಂತಾದ ಹೊಸ ಅಲರ್ಜಿ ಮಾತ್ರೆಗಳನ್ನು ಪ್ರಯಾಣದ ವಾಕರಿಕೆಗೆ ಕೊಟ್ಟು ನೋಡಿದಾಗ ಅವು ಉಪಯೋಗಕ್ಕೆ ಬರಲಿಲ್ಲ. ತೂಕಡಿಕೆಯನ್ನು ಕಿತ್ತುಹಾಕಿದರೆ ಗುಣವೂ ಅದರ ಜೊತೆಗೇ ಹೋಗುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕೊಡುವ ಒಂಡಾನ್‌ಸೆಟ್ರಾನ್ ಕೂಡ ಬಸ್ಸಿನ ವಾಂತಿಗೆ ನಾಟುವುದಿಲ್ಲ, ಏಕೆಂದರೆ ಅದು ಕಾಯುವುದು ಬೇರೆ ದಾರಿಯನ್ನು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಜಠರದಲ್ಲೇ ನಿಂತಿರುತ್ತದೆ, ಮುಂದೆ ಸರಿಯುವುದಿಲ್ಲ. ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕೆನ್ನುವುದು ಅದಕ್ಕೇ. ವಾಹನ ಓಡಿಸುವವರು ನಿದ್ದೆ ಬರಿಸುವ ಈ ಮಾತ್ರೆಗಳನ್ನು ಮುಟ್ಟಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೋಮೆಥಜಿನ್ ಕೊಡಲೇಬಾರದು. ಉಸಿರಾಟವೇ ಕುಗ್ಗಿ ಸಾವು ಸಂಭವಿಸಿದ ಉದಾಹರಣೆಗಳಿವೆ.

ಒಂದೇ ಔಷಧಕ್ಕೆ ಎಲ್ಲ ವಾಂತಿಯೂ ಬಗ್ಗುವುದಿಲ್ಲ ಎಂಬುದನ್ನು ಚೆನ್ನಾಗಿ ಕಲಿಸಿದ್ದು ಕ್ಯಾನ್ಸರ್ ಚಿಕಿತ್ಸೆ. 1978ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಸಿಸ್‌ಪ್ಲಾಟಿನ್ ವೃಷಣದ ಕ್ಯಾನ್ಸರನ್ನು ವಾಸಿಮಾಡಬಲ್ಲದಾಗಿತ್ತು, ಆದರೆ ಪಡೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ವಾಂತಿಯಲ್ಲಿ ನರಳುತ್ತಿದ್ದರು. ಬದುಕಿಸುವ ಚಿಕಿತ್ಸೆಯನ್ನು ವಾಂತಿಗೆ ಹೆದರಿ ನಡುವೆ ಬಿಟ್ಟುಹೋದವರಿದ್ದರು. 1981ರಲ್ಲಿ ರಿಚರ್ಡ್ ಗ್ರಾಲಾ ಮತ್ತು ಸಂಗಡಿಗರು ಮೆಟೊಕ್ಲೊಪ್ರಮೈಡ್ ಅನ್ನು ರೂಢಿಗಿಂತ ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟು ಈ ವಾಂತಿಯನ್ನು ಗಣನೀಯವಾಗಿ ತಗ್ಗಿಸಿದರು. ಅದು ಡೋಪಮಿನ್ ತಡೆಯುವ ಔಷಧ. ಹಾಗಾದರೆ ಡೋಪಮಿನ್ ತಡೆಯುವ ಬೇರೆ ಔಷಧಗಳೂ ಇಷ್ಟೇ ಫಲ ಕೊಡಬೇಕಿತ್ತು, ಕೊಡಲಿಲ್ಲ. ಹುಡುಕುತ್ತ ಹೋದಾಗ, ಹೆಚ್ಚಿನ ಪ್ರಮಾಣದಲ್ಲಿ ಮೆಟೊಕ್ಲೊಪ್ರಮೈಡ್ ಸೆರೊಟೋನಿನ್‌ನ ಸುದ್ದಿಯನ್ನು ಪಡೆಯುವ ಒಂದು ಗ್ರಾಹಕವನ್ನೂ ಮುಚ್ಚುತ್ತಿತ್ತೆಂದು ತಿಳಿಯಿತು. ಆ ಗ್ರಾಹಕವನ್ನಷ್ಟೇ ಮುಚ್ಚುವ ಔಷಧ ಸಿಕ್ಕರೆ? ಫೆರೆಟ್‌ಗಳ ಮೇಲೆ ನಡೆದ ಪ್ರಯೋಗಗಳು ಹೌದೆಂದವು, 1991ರಲ್ಲಿ ಒಂಡಾನ್‌ಸೆಟ್ರಾನ್ ಅಮೆರಿಕದ ಮಾರುಕಟ್ಟೆಗೆ ಬಂತು. ಮೊದಲ ದಿನದ ವಾಂತಿ ಹತೋಟಿಗೆ ಬಂದರೂ ಎರಡನೆಯ, ಮೂರನೆಯ ದಿನದ್ದು ಉಳಿಯಿತು. ಅದು ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ಸಂದೇಶದ ಕೆಲಸ. ಅದನ್ನು ತಡೆಯುವ ಅಪ್ರೆಪಿಟೆಂಟ್ 2003ರಲ್ಲಿ ಬಂತು. ಇಂದು ಕಠಿಣ ಕೀಮೋಗೆ ಮುನ್ನ ಇವೆರಡರ ಜೊತೆಗೆ ಡೆಕ್ಸಾಮೆಥಸೋನ್, ಒಲಾಂಜಪಿನ್ ಸೇರಿ ನಾಲ್ಕು ಔಷಧ ಕೊಡುತ್ತಾರೆ. ಒಲಾಂಜಪಿನ್ ಮೂಲತಃ ಮನೋರೋಗದ ಔಷಧ, ತೂಕಡಿಕೆ ಅದರ ದೊಡ್ಡ ತೊಡಕು. ಅದನ್ನು 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ವಾಂತಿಯ ಹತೋಟಿ ಕಡಿಮೆಯಾಗುವುದಿಲ್ಲ, ತೂಕಡಿಕೆ ಮಾತ್ರ ಬಹಳ ಇಳಿಯುತ್ತದೆ ಎಂದು 2024ರಲ್ಲಿ ತೋರಿಸಿದ್ದು ಮುಂಬೈಯ ಟಾಟಾ ಮೆಮೋರಿಯಲ್ ಕೇಂದ್ರದವರು. ಒಂಡಾನ್‌ಸೆಟ್ರಾನ್ ಪಡೆದವರಿಗೆ ತಲೆನೋವು, ಮಲಬದ್ಧತೆ ಸಾಮಾನ್ಯ. ಕರುಳಿನ ಚಲನೆಗೂ ಸೆರೊಟೋನಿನ್ ಬೇಕು ಎಂದು ಗೊತ್ತಿದ್ದರೆ ಮಲ ಕಟ್ಟುವುದರಲ್ಲಿ ಅಚ್ಚರಿಯಿಲ್ಲ. ಹೃದಯ ಬಡಿತದ ಲಯ ಕೆಡಿಸುವ ಗುಣವೂ ಇದಕ್ಕಿದೆ. ಆ ಕಾರಣಕ್ಕೆ 32 ಮಿಲಿಗ್ರಾಂ ಅನ್ನು ಒಂದೇ ಸಲ ರಕ್ತನಾಳಕ್ಕೆ ಕೊಡುವ ಪದ್ಧತಿಯನ್ನು ಅಮೆರಿಕ 2012ರಲ್ಲಿ ನಿಲ್ಲಿಸಿತು.

ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದವು ರಕ್ತದ ದಾರಿಯನ್ನು ಕಾಯುವ, ಡೋಪಮಿನ್ ತಡೆಯುವ ಔಷಧಗಳು: ಮೆಟೊಕ್ಲೊಪ್ರಮೈಡ್, ಡೊಂಪೆರಿಡೋನ್, ಪ್ರೊಕ್ಲೊರ್‌ಪೆರಜಿನ್. ಇವು ಜಠರವನ್ನು ಬೇಗ ಖಾಲಿ ಮಾಡಿಸುವುದೂ ಉಂಟು, ಮುಖ್ಯವಾಗಿ ಮೊದಲೆರಡು. ಆದರೆ ಡೋಪಮಿನ್ ಮಿದುಳಿನ ಆಳದಲ್ಲಿ ಕೈಕಾಲುಗಳ ಚಲನೆಯನ್ನೂ ಹದದಲ್ಲಿಡುತ್ತದೆ. ಮೆಟೊಕ್ಲೊಪ್ರಮೈಡ್ ಚುಚ್ಚುಮದ್ದು ಪಡೆದ ಹುಡುಗನೋ ಹುಡುಗಿಯೋ ಕೆಲವು ಗಂಟೆಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡು, ನಾಲಗೆ ಹೊರಳದೆ ಒದ್ದಾಡುವುದುಂಟು. ನೋಡಿದವರು ಫಿಟ್ಸ್ ಎಂದೋ ಗಾಳಿ ಸೋಕಿತೆಂದೋ ಹೆದರುತ್ತಾರೆ. ಇದನ್ನು ಬಿಡಿಸಲು ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಹೆಚ್ಚಾಗಿ ಪ್ರೋಮೆಥಜಿನ್ ಚುಚ್ಚುಮದ್ದನ್ನು, ಅಂದರೆ ಒಂದು ವಾಂತಿ ಔಷಧದ ದೋಷಕ್ಕೆ ಇನ್ನೊಂದು ವಾಂತಿ ಔಷಧವನ್ನು. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಮೆಟೊಕ್ಲೊಪ್ರಮೈಡ್ ಅನ್ನು ಐದು ದಿನಕ್ಕಿಂತ ಹೆಚ್ಚು ಕೊಡಬಾರದೆಂದು ಹೇಳಿದ್ದು ಇದೇ ಕಾರಣಕ್ಕೆ. ತಿಂಗಳುಗಟ್ಟಲೆ ತಿಂದವರಲ್ಲಿ ಬಾಯಿ, ತುಟಿಗಳ ತಡೆಯಿಲ್ಲದ ಆಡುವಿಕೆ ಮಾತ್ರೆ ನಿಲ್ಲಿಸಿದ ಮೇಲೂ ಉಳಿಯಬಹುದು. ಪ್ರೊಕ್ಲೊರ್‌ಪೆರಜಿನ್‌ನದು ಇನ್ನೊಂದು ಕತೆ. ತಲೆಸುತ್ತಿಗೆಂದು ಒಂದು ವಾರಕ್ಕೆ ಬರೆದುಕೊಟ್ಟ ಸ್ಟೆಮೆಟಿಲ್ ಮಾತ್ರೆಯನ್ನು ಅಜ್ಜ ಅಜ್ಜಿಯರು ಅದೇ ಚೀಟಿ ತೋರಿಸಿ ವರ್ಷಾನುಗಟ್ಟಲೆ ನುಂಗುತ್ತಾರೆ. ಆಮೇಲೆ ಕೈ ನಡುಗುತ್ತದೆ, ನಡಿಗೆ ಮಂದವಾಗುತ್ತದೆ, ಮುಖ ಭಾವ ಕಳೆದುಕೊಳ್ಳುತ್ತದೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ, ಇಲ್ಲವೇ ಪಾರ್ಕಿನ್ಸನ್ ಎಂದು ಇನ್ನೊಂದು ಮಾತ್ರೆ ಸೇರಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದಲ್ಲಿ ತಡೆಯಬಹುದಾದ ಅತಿ ದೊಡ್ಡ ಹಾನಿ ಇದು.

ಡೊಂಪೆರಿಡೋನ್ ಮಿದುಳಿನ ಕಾವಲನ್ನು ಹೆಚ್ಚಾಗಿ ದಾಟುವುದಿಲ್ಲ. ಕಾವಲಿನ ಹೊರಗಿರುವ ವಾಂತಿಯ ಜಾಗ ಅದಕ್ಕೆ ಸಿಗುತ್ತದೆ, ಚಲನೆಯ ಜಾಗ ಸಿಗುವುದಿಲ್ಲ. ಆದ್ದರಿಂದಲೇ ಪಾರ್ಕಿನ್ಸನ್ ರೋಗಿಗಳಿಗೆ ಮೆಟೊಕ್ಲೊಪ್ರಮೈಡ್ ಕೊಡಬಾರದು, ಡೊಂಪೆರಿಡೋನ್ ಕೊಡಬಹುದು. ಇಷ್ಟು ಜಾಣ ಔಷಧಕ್ಕೂ ಬೆಲೆ ತೆರಬೇಕಾಗುತ್ತದೆ. ಪಿಟ್ಯುಟರಿ ಗ್ರಂಥಿಯೂ ಕಾವಲಿನ ಹೊರಗೇ ಇದೆ. ಅಲ್ಲಿ ಡೋಪಮಿನ್ ತಡೆದರೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ, ಹೆಂಗಸರಲ್ಲಿ ಮುಟ್ಟು ತಪ್ಪಬಹುದು, ಬಾಣಂತಿಯಲ್ಲದವರಿಗೂ ಹಾಲು ಬರಬಹುದು, ಗಂಡಸರ ಎದೆ ಊದಬಹುದು. ಹೃದಯದ ಲಯಕ್ಕೂ ಅಪಾಯವಿರುವುದರಿಂದ ಯುರೋಪು 2014ರಲ್ಲಿ ದಿನಕ್ಕೆ 10 ಮಿಲಿಗ್ರಾಂನಂತೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರದೊಳಗೆ ಎಂಬ ಮಿತಿ ಹಾಕಿತು. ಅಮೆರಿಕದಲ್ಲಂತೂ ಅದಕ್ಕೆ ಪರವಾನಗಿಯೇ ಇಲ್ಲ. ನಮ್ಮಲ್ಲಿ ಆಮ್ಲ ತಗ್ಗಿಸುವ ಮಾತ್ರೆಗಳ ಹೆಸರಿನ ಕೊನೆಗೆ ಅಂಟಿರುವ ಡಿ ಅಥವಾ ಡಿಎಸ್‌ಆರ್ ಅಕ್ಷರಗಳು ಬಹುಮಟ್ಟಿಗೆ ಇದೇ ಡೊಂಪೆರಿಡೋನ್. 'ಗ್ಯಾಸ್ ಮಾತ್ರೆ' ಎಂದು ದಿನಾ ಬೆಳಿಗ್ಗೆ ಅದನ್ನು ನುಂಗುವವರಲ್ಲಿ ಅನೇಕರಿಗೆ ತಾವು ವಾಂತಿಯ ಔಷಧ ತಿನ್ನುತ್ತಿದ್ದೇವೆ ಎಂಬುದೇ ಗೊತ್ತಿಲ್ಲ.

ಕೋಟ್ಯಂತರ ಜನ ತಿನ್ನುತ್ತಿದ್ದಾರೆ, ಏನೂ ಆಗಿಲ್ಲವಲ್ಲ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಗಟ್ಟಿಮುಟ್ಟಾದ ವಯಸ್ಕರು ಒಂದೆರಡು ದಿನ ತಿಂದರೆ ಅಪಾಯ ನಿಜಕ್ಕೂ ಕಡಿಮೆ. ಅಪಾಯ ಬೆಳೆಯುವುದು ದಿನಗಳು ಎಳೆದಾಗ, ವಯಸ್ಸು ಅರವತ್ತು ದಾಟಿದಾಗ, ಹೃದ್ರೋಗವಿದ್ದಾಗ, ಕ್ಲಾರಿತ್ರೊಮೈಸಿನ್ ಅಥವಾ ಫ್ಲುಕೊನಜೋಲ್‌ನಂಥ ಔಷಧ ಜೊತೆಗೆ ಸೇರಿದಾಗ. ಆದರೆ 'ತಿಂದೆ, ಗುಣವಾಯಿತು' ಎಂಬ ಮಾತಿನ ಇನ್ನರ್ಧವನ್ನೂ ಪರೀಕ್ಷಿಸಬೇಕು. ಮೆಲ್ಬರ್ನ್‌ನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಕರಿಕೆಯಿಂದ ಬಂದವರಿಗೆ ಒಂಡಾನ್‌ಸೆಟ್ರಾನ್, ಮೆಟೊಕ್ಲೊಪ್ರಮೈಡ್ ಅಥವಾ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟರು. ಅರ್ಧ ಗಂಟೆಯ ಬಳಿಕ 100 ಅಂಕಗಳ ಅಳತೆಯಲ್ಲಿ ವಾಕರಿಕೆ ಕ್ರಮವಾಗಿ 27, 28 ಮತ್ತು 23 ಅಂಕ ಇಳಿದಿತ್ತು. ಔಷಧಕ್ಕೂ ಉಪ್ಪುನೀರಿಗೂ ಇದ್ದದ್ದು ನಾಲ್ಕೈದು ಅಂಕಗಳ ವ್ಯತ್ಯಾಸ. ಮಲಗಿ, ಧೈರ್ಯದ ಮಾತು ಕೇಳಿ, ಹೊತ್ತು ಕಳೆದರೆ ವಾಕರಿಕೆ ತಾನೇ ಇಳಿಯುತ್ತದೆ, ಆ ಕೀರ್ತಿ ಔಷಧಕ್ಕೆ ಸಲ್ಲುತ್ತದೆ. ಇನ್ನೂ ಮುಜುಗರದ ಸಂಗತಿಯೆಂದರೆ, ಚುಚ್ಚುಮದ್ದಿಗೆ ಮುನ್ನ ಚರ್ಮ ಒರೆಸುವ ಸ್ಪಿರಿಟ್ ಹತ್ತಿಯನ್ನು ಮೂಸಿಸಿ ನೋಡಿದ ಅಮೆರಿಕದ ಪ್ರಯೋಗಗಳಲ್ಲಿ ವಾಕರಿಕೆಗೆ ಅದು ಒಂಡಾನ್‌ಸೆಟ್ರಾನ್ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಇಷ್ಟರಿಂದ ಔಷಧಗಳೆಲ್ಲ ಪೊಳ್ಳು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಕೀಮೋದ ವಾಂತಿಯನ್ನು ಉಪ್ಪುನೀರು ತಡೆಯುವುದಿಲ್ಲ. ಕಾರಣ ಗೊತ್ತಿರುವ ಕಡೆ ಸರಿಯಾದ ಔಷಧ ಖಚಿತವಾಗಿ ನಾಟುತ್ತದೆ, ನಾನಾ ಕಾರಣಗಳನ್ನು ಒಂದೇ ರಾಶಿಗೆ ಹಾಕಿ ಒಂದೇ ಔಷಧ ಕೊಟ್ಟ ಕಡೆ ಅದರ ಬಲ ಕರಗಿಹೋಗುತ್ತದೆ.

ಹಾಗಾದರೆ ವಾಂತಿಯಿಂದ ಸೊರಗುವ ಮಗುವನ್ನು ನೋಡುತ್ತ ಕೂರಬೇಕೇ? ವಾಂತಿಭೇದಿಯಲ್ಲಿ ಔಷಧಕ್ಕಿಂತ ಓಆರ್‌ಎಸ್ ಮುಖ್ಯ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ನಿಲುವು. ಅದು ಸರಿಯೇ, ಆದರೆ ಪೂರ್ತಿಯಲ್ಲ. ಅಮೆರಿಕದಲ್ಲಿ 215 ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಒಂದು ಸಲ ಒಂಡಾನ್‌ಸೆಟ್ರಾನ್ ಪಡೆದವರಲ್ಲಿ ಶೇ. 14 ಮಂದಿಗೆ ಮಾತ್ರ ಓಆರ್‌ಎಸ್ ಕುಡಿಯುವಾಗ ವಾಂತಿಯಾಯಿತು, ಪಡೆಯದವರಲ್ಲಿ ಶೇ. 35, ಡ್ರಿಪ್ ಹಾಕಬೇಕಾಗಿ ಬಂದದ್ದು ಶೇ. 14ಕ್ಕೆ ಎದುರಾಗಿ ಶೇ. 31. ಭೇದಿ ಮಾತ್ರ ಔಷಧ ಪಡೆದವರಲ್ಲಿ ತುಸು ಹೆಚ್ಚಿತ್ತು. ಇಲ್ಲಿ ದಾರಿ ಕರುಳಿನದು, ಔಷಧ ಅದೇ ದಾರಿಯದು, ಪ್ರಮಾಣ ಒಂದೇ ಸಲದ್ದು, ಉದ್ದೇಶ ಓಆರ್‌ಎಸ್ ಒಳಗೆ ನಿಲ್ಲಿಸುವುದು. ಅದೇ ಕಾಯಿಲೆಗೆ ಡೊಂಪೆರಿಡೋನ್ ಕೊಟ್ಟು ನೋಡಿದಾಗ ಚಿಕ್ಕ ಮಕ್ಕಳಲ್ಲಿ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ, ಹನ್ನೆರಡರ ಕೆಳಗಿನವರಿಗೆ ಅದನ್ನು ಯುರೋಪು ಈಗ ಶಿಫಾರಸು ಮಾಡುವುದಿಲ್ಲ. ಇನ್ನು ಕೆಲವು ವಾಂತಿಗಳು ಬೇರೆಯದೇ ಸುದ್ದಿ ಹೇಳುತ್ತಿರುತ್ತವೆ: ಡೆಂಗಿ ಜ್ವರದಲ್ಲಿ ಬಿಡದೆ ಬರುವುದು, ಎದೆ ಬಿಗಿತ ಬೆವರುಗಳ ಜೊತೆ ಬರುವುದು, ತಲೆನೋವಿನೊಂದಿಗೆ ದಿನಾ ನಸುಕಿನಲ್ಲಿ ಬರುವುದು, ಹೊಟ್ಟೆ ಉಬ್ಬಿ ಹಸಿರು ಪಿತ್ತವಾಗಿ ಬರುವುದು, ಸಕ್ಕರೆ ಕಾಯಿಲೆಯವರಿಗೆ ಏದುಸಿರಿನೊಂದಿಗೆ ಬರುವುದು. ಅಂಥ ಕಡೆ ಮಾತ್ರೆ ಕೊಟ್ಟು ಮಲಗಿಸುವುದೆಂದರೆ ಆಸ್ಪತ್ರೆಗೆ ಹೋಗಬೇಕಾದ ಹೊತ್ತನ್ನು ಮನೆಯಲ್ಲಿ ಕಳೆಯುವುದು.

ಬಸುರಿಯರ ವಾಂತಿಯ ಮಾತು ಬಂದಾಗ ಆಕ್ಷೇಪ ತಿರುಗಿ ಬೀಳುತ್ತದೆ: ಯಾವ ಮಾತ್ರೆಯೂ ಬೇಡ, ಮಗುವಿಗೆ ತೊಂದರೆಯಾದೀತು. ಈ ಭಯಕ್ಕೆ ಇತಿಹಾಸವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಅನ್ನು ನಿದ್ದೆಗೂ ಬಸುರಿನ ವಾಕರಿಕೆಗೂ ಕೊಟ್ಟರು. 1961ರ ಕೊನೆಗೆ ಹಿಂತೆಗೆಯುವಷ್ಟರಲ್ಲಿ ಕೈಕಾಲುಗಳು ಬೆಳೆಯದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. ಆ ಆಘಾತದ ನೆರಳು ಒಂದು ನಿರಪರಾಧಿ ಔಷಧದ ಮೇಲೂ ಬಿತ್ತು. ಡಾಕ್ಸಿಲಮಿನ್ ಮತ್ತು ಬಿ6 ಜೀವಸತ್ವ ಸೇರಿದ ಬೆಂಡೆಕ್ಟಿನ್ 1956ರಿಂದ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಮೊಕದ್ದಮೆಗಳ ಮಳೆ ಸುರಿದು 1983ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಆಮೇಲೆ ಹುಟ್ಟುದೋಷಗಳು ಇಳಿಯಲಿಲ್ಲ. ವಾಂತಿಯಿಂದ ಆಸ್ಪತ್ರೆ ಸೇರುವ ಬಸುರಿಯರ ಸಂಖ್ಯೆ ಏರಿತು. ಥಾಲಿಡೊಮೈಡ್ ಬಗ್ಗೆ ಮೊದಲು ಎಚ್ಚರಿಸಿದವರಲ್ಲಿ ಒಬ್ಬರಾದ ಆಸ್ಟ್ರೇಲಿಯಾದ ವಿಲಿಯಂ ಮ್ಯಾಕ್‌ಬ್ರೈಡ್ ಬೆಂಡೆಕ್ಟಿನ್ ವಿರುದ್ಧವೂ ನಿಂತಿದ್ದರು. ಔಷಧಗಳು ಭ್ರೂಣಕ್ಕೆ ಮಾಡುವ ಹಾನಿಯ ಬಗೆಗಿನ ಒಂದು ಪ್ರಯೋಗದ ಅಂಕಿಅಂಶ ತಿರುಚಿದ್ದಕ್ಕೆ 1993ರಲ್ಲಿ ಅವರ ವೈದ್ಯಕೀಯ ನೋಂದಣಿಯೇ ರದ್ದಾಯಿತು. ಅದೇ ಜೋಡಿ ಔಷಧ 2013ರಲ್ಲಿ ಹೊಸ ಹೆಸರಿನಲ್ಲಿ ಅಮೆರಿಕಕ್ಕೆ ಮರಳಿತು. ನಮ್ಮ ವೈದ್ಯರು ಬಸುರಿಯರಿಗೆ ಮೊದಲು ಬರೆಯುವುದೂ ಸಾಮಾನ್ಯವಾಗಿ ಇದನ್ನೇ. ಒಂಡಾನ್‌ಸೆಟ್ರಾನ್ ವಿಷಯದಲ್ಲಿ ತುಸು ಎಚ್ಚರ ಬೇಕು: 18 ಲಕ್ಷ ಬಸುರಿಗಳ ದಾಖಲೆಗಳನ್ನು ನೋಡಿದ 2018ರ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಅದನ್ನು ತಿಂದವರ ಹತ್ತು ಸಾವಿರ ಮಕ್ಕಳಲ್ಲಿ ಸುಮಾರು ಮೂರು ಹೆಚ್ಚುವರಿ ಸೀಳುತುಟಿ ಅಥವಾ ಸೀಳು ಅಂಗುಳ ಕಂಡಿತು. ಅಪಾಯ ಸಣ್ಣದು, ಆದರೆ ಇದೆ. ನೀರೂ ನಿಲ್ಲದೆ ತೂಕ ಇಳಿಯುತ್ತಿರುವ ತಾಯಿಗೆ ಚಿಕಿತ್ಸೆ ಕೊಡದಿರುವುದರಲ್ಲಿ ಅದಕ್ಕಿಂತ ದೊಡ್ಡ ಅಪಾಯವಿದೆ.

ಬಸುರಿನ ವಾಂತಿ ಯಾವ ದಾರಿಯದು ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ತೀರ ಈಚೆಗೆ. ಜಿಡಿಎಫ್15 ಎಂಬ ಹಾರ್ಮೋನನ್ನು ಭ್ರೂಣ ಮತ್ತು ಮಾಸು ತಾಯಿಯ ರಕ್ತಕ್ಕೆ ಹರಿಸುತ್ತವೆ, ಅದು ಮಿದುಳಿನ ಕಾಂಡದ ಆ ಕಾವಲಿಲ್ಲದ ಜಾಗದಲ್ಲಿ ಕೂರುತ್ತದೆ ಎಂದು 2023ರ ಡಿಸೆಂಬರಿನಲ್ಲಿ ಮಾರ್ಲೀನಾ ಫೆಜೊ, ಸ್ಟೀಫನ್ ಒ'ರಾಹಿಲಿ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದರು. ಬಸುರಿಗೆ ಮುಂಚೆ ಯಾರ ರಕ್ತದಲ್ಲಿ ಈ ಹಾರ್ಮೋನು ಕಡಿಮೆ ಇತ್ತೋ ಅವರಿಗೆ ಅದರ ದಿಢೀರ್ ಏರಿಕೆ ಹೆಚ್ಚು ಬಾಧಿಸುತ್ತದೆ. ಸದಾ ಅದು ಹೆಚ್ಚಾಗಿಯೇ ಇರುವ ಬೀಟಾ ಥಾಲಸೀಮಿಯಾದ ಹೆಂಗಸರು ಬಸುರಾದಾಗ ವಾಂತಿಯ ಕಾಟ ತೀರ ಕಡಿಮೆ. ಹಾಗಾಗಿ ಬಸುರಾಗುವ ಮುಂಚೆಯೇ ಹಾರ್ಮೋನಿನ ಮಟ್ಟವನ್ನು ಮೆಲ್ಲಗೆ ಏರಿಸಿ ಮಿದುಳಿಗೆ ಅದನ್ನು ರೂಢಿ ಮಾಡಿಸಬಹುದೇ ಎಂದು ಸಂಶೋಧಕರು ಯೋಚಿಸುತ್ತಿದ್ದಾರೆ. ಅದು ಕೈಗೂಡಿದರೆ, ಸುದ್ದಿಯನ್ನು ತಡೆಯದೆ ಕೇಳುವವರನ್ನು ಪಳಗಿಸುವ ಬೇರೊಂದು ಬಗೆಯ ಔಷಧ ಬಸುರಿಯರಿಗೆ ಸಿಗುತ್ತದೆ. ತಡೆಯಿಂದಲೇ ಹುಟ್ಟುವ ದೋಷಗಳು ಅದಕ್ಕೆ ಅಂಟಬೇಕಾಗಿಲ್ಲ, ಅದರದೇ ದೋಷಗಳೇನು ಎಂಬುದನ್ನು ಮಾತ್ರ ಹೊಸದಾಗಿ ನೋಡಬೇಕಾಗುತ್ತದೆ.